ಜಿ. ಆರ್. ಗೋಪಿನಾಥ್
ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ (ಜನನ: 1951) ಭಾರತೀಯ ಸೇನೆಯ ನಿವೃತ್ತ ಅಧಿಕಾರಿ, ಕೃಷಿಕ ಹಾಗೂ ಬೆಂಗಳೂರಿನ ಏರ್ ಡೆಕ್ಕನ್ ವಿಮಾನಯಾನ ಸಂಸ್ಥೆಯ ಸ್ಥಾಪಕರು. ಹಾಸನ ಜಿಲ್ಲೆಯ ಗೊರೂರಿನ ಉಪಾಧ್ಯಾಯರೊಬ್ಬರ ಮಗನಾದ ಇವರು ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ ಸೇನೆಗೆ ಸೇರಿದರು; 1971ರ ಯುದ್ಧದಲ್ಲಿ ಪಾಲ್ಗೊಂಡು, 28ನೆಯ ವಯಸ್ಸಿನಲ್ಲಿ ಸೇವೆಯಿಂದ ಹೊರಬಂದರು.

ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಕುಟುಂಬದ ಜಮೀನು ಮುಳುಗಡೆಯಾಗಿತ್ತು. ಪರಿಹಾರವಾಗಿ ದೊರೆತ ಜಾವಗಲ್ ಬಳಿಯ ಬರಡು ನೆಲದಲ್ಲಿ ಡೇರೆ ಹಾಕಿಕೊಂಡು ಗೋಪಿನಾಥ್ ಬೇಸಾಯಕ್ಕಿಳಿದರು. ಪರಿಸರಕ್ಕೆ ಒಗ್ಗುವಂತೆ ಅವರು ರೂಪಿಸಿದ ರೇಷ್ಮೆ ಕೃಷಿ ಪದ್ಧತಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಸಂದಿತು. ವಿಮಾನಯಾನದ ಖ್ಯಾತಿಯೆದುರು ಈ ಸಾಧನೆ ಮರೆಯಾಗುವುದೇ ಹೆಚ್ಚು.

2003ರಲ್ಲಿ ಆರಂಭವಾದ ಏರ್ ಡೆಕ್ಕನ್ ಅಗ್ಗದ ದರದಲ್ಲಿ ಹುಬ್ಬಳ್ಳಿಯಂತಹ ಊರುಗಳಿಗೂ ವಿಮಾನ ಸಂಪರ್ಕ ಒದಗಿಸಿತು. ಮುಂದೆ ಕಿಂಗ್‌ಫಿಷರ್ ಸಮೂಹದ ವಶವಾಯಿತು. ತಮಿಳಿನ 'ಸೂರರೈ ಪೋಟ್ರು' (2020) ಚಲನಚಿತ್ರಕ್ಕೆ ಇವರ ಆತ್ಮಕಥೆಯೇ ಆಧಾರ.