‘ನಿಲ್’ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ

ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ನಾನು ಕಚೇರಿ ಗುಮಾಸ್ತ. ರಿಜಿಸ್ಟರು, ತಖ್ತೆ, ಮಾಸಿಕ ವರದಿಗಳ ನಡುವೆಯೇ ಬದುಕು. ತಖ್ತೆಯಲ್ಲಿ ಯಾವ ಕಾಲಂನೂ ಖಾಲಿ ಬಿಡೋ ಹಾಗಿಲ್ಲ. ಮಾಹಿತಿ ಇದ್ದರೆ ಸಂಖ್ಯೆ, ಇಲ್ಲದಿದ್ದರೆ ‘ನಿಲ್’. ಹುಡುಕಿ ನೋಡಿ ಏನೂ ಸಿಗಲಿಲ್ಲ ಅಂದ್ರೂ ನಿಲ್. ಯಾರೂ ಹುಡುಕೋಕೆ ಹೋಗಲೇ ಇಲ್ಲ ಅಂದ್ರೂ ನಿಲ್. ಮೇಲಿನ ಕಚೇರಿ ತಲುಪೋ ಹೊತ್ತಿಗೆ ಎರಡೂ ಒಂದೇ ಆಗಿಬಿಡುತ್ತೆ.

ಬೇರೆ ವಿಷಯದಲ್ಲಿ ಇದು ಕಾಗದದ ತಮಾಷೆ. ಕಾಯಿಲೆ ವಿಷಯದಲ್ಲಿ ಮಾತ್ರ ಹೆಣ ಬೀಳುತ್ತೆ. ‘ನಿಮ್ಮ ಭಾಗದಲ್ಲಿ ಆ ಕಾಯಿಲೆ ಕೇಸೇ ಇಲ್ವಲ್ಲ’ ಅನ್ನೋ ಮಾತು ನಮ್ಮ ಹೋರಾಟದಲ್ಲಿರೋ ಎಲ್ಲರೂ ಒಂದಲ್ಲ ಒಂದು ಸಭೆಯಲ್ಲಿ ಕೇಳಿರುತ್ತೀರಿ. ಅದಕ್ಕೆ ಉತ್ತರ ಕೊಡಬೇಕಾದರೆ ಜನಸಮುದಾಯದಲ್ಲಿ ರೋಗವನ್ನ ಹೇಗೆ ಅಳೀತಾರೆ ಅನ್ನೋದು ನಮಗೂ ಗೊತ್ತಿರಬೇಕು. ದೊಡ್ಡ ಓದು ಬೇಕಿಲ್ಲ, ಪ್ರೈಮರಿ ಶಾಲೆಯ ಭಿನ್ನರಾಶಿ ನೆನಪಿದ್ದರೆ ಸಾಕು. ಮೇಲಿರೋದು ಅಂಶ, ಕೆಳಗಿರೋದು ಛೇದ. ಕಾಯಿಲೆ ಬಿದ್ದವರು ಅಂಶ. ಕಾಯಿಲೆ ಬೀಳಬಹುದಾಗಿದ್ದ ಅಷ್ಟೂ ಜನ ಛೇದ.

ಒಂದು ಲೆಕ್ಕ ಹಾಕಿ ನೋಡಿ. ಊರಲ್ಲಿ 20 ಜನಕ್ಕೆ ವಾಂತಿಭೇದಿ, ಕೇರಿಯಲ್ಲಿ 10 ಜನಕ್ಕೆ ಅಂದ್ಕೊಳ್ಳಿ. ಊರಲ್ಲೇ ಜಾಸ್ತಿ ಅನ್ಸುತ್ತೆ, ಅಲ್ವಾ? ಆದರೆ ಊರಲ್ಲಿರೋದು 2000 ಜನ, ಕೇರಿಯಲ್ಲಿ 200. ಸಾವಿರಕ್ಕೆ ಲೆಕ್ಕ ಹಾಕಿದರೆ ಊರಿನದು 10, ಕೇರಿಯದು 50. ಐದು ಪಟ್ಟು! ಬರೀ ಅಂಶ ನೋಡಿದವನು ಟ್ಯಾಂಕರನ್ನ ಊರಿಗೆ ಕಳಿಸ್ತಾನೆ. ಛೇದ ಕೆಳಗಿರುತ್ತೆ. ಕೆಳಗಿರೋದನ್ನ ನೋಡೋ ಅಭ್ಯಾಸ ಈ ದೇಶಕ್ಕೆ ಇಲ್ಲ.

ಈ ಲೆಕ್ಕವನ್ನ ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರಲ್ಲಿ ಲಂಡನ್ನಿನ ಜಾನ್ ಸ್ನೋ ಅನ್ನೋ ವೈದ್ಯ ಮುಖ್ಯ. 1854ರಲ್ಲಿ ಅಲ್ಲಿ ಕಾಲರಾ ಬಂತು. ಕೆಟ್ಟ ಗಾಳಿಯಿಂದ ಬರುತ್ತೆ ಅಂತ ದೊಡ್ಡವರೆಲ್ಲ ನಂಬಿದ್ದರು. ಸ್ನೋ ಮನೆಮನೆಗೆ ಯಾವ ಕಂಪನಿ ನೀರು ಬರುತ್ತೆ ಅಂತ ಕೇಳಿಸಿದ. ಒಂದೇ ಬೀದಿ, ಒಂದೇ ಗಾಳಿ, ಆದರೆ ಎರಡು ಕಂಪನಿಯ ನೀರು. ನಗರದ ಹೊಲಸು ಸೇರಿದ ಥೇಮ್ಸ್ ನದಿ ನೀರನ್ನೇ ಕೊಡುತ್ತಿದ್ದ ಕಂಪನಿಯ ಮನೆಗಳಲ್ಲಿ 10,000 ಮನೆಗೆ 315 ಸಾವು. ನದಿಯ ಮೇಲ್ಭಾಗದಿಂದ ನೀರು ತರುತ್ತಿದ್ದ ಲ್ಯಾಂಬೆತ್ ಕಂಪನಿಯ ಮನೆಗಳಲ್ಲಿ 37. ಕಾಲರಾದ ರೋಗಾಣು ಯಾವುದು ಅನ್ನೋದು ಆ ಕಾಲದ ವೈದ್ಯಲೋಕಕ್ಕೆ ಗೊತ್ತಿರಲಿಲ್ಲ. ಆದರೂ ತಪ್ಪು ನೀರಿನದು ಅಂತ ಛೇದವೇ ಹೇಳ್ತು.

ನಮ್ಮ ದೇಶದಲ್ಲಿ ಎರಡು ನೀರು ಇದ್ದದ್ದು ಕಂಪನಿಯಿಂದಲ್ಲ, ಜಾತಿಯಿಂದ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ಆಮೇಲೆ ಸವರ್ಣೀಯರು ಸಗಣಿ ಗಂಜಲ ಸುರಿದು ಆ ಕೆರೆಯನ್ನ ‘ಶುದ್ಧ’ ಮಾಡಿದರು. ನಾವು ಮಹಾಡನ್ನ ಸ್ವಾಭಿಮಾನದ ಹೋರಾಟ ಅಂತ ನೆನೆಯುತ್ತೇವೆ, ಅದು ಸರಿಯೇ. ಅದು ಆರೋಗ್ಯದ ಹೋರಾಟವೂ ಹೌದು. ಯಾರಿಗೆ ಯಾವ ನೀರು ಅನ್ನೋದೇ ಯಾರಿಗೆ ಯಾವ ಕಾಯಿಲೆ ಅನ್ನೋದನ್ನ ನಿರ್ಧರಿಸುತ್ತೆ.

ಇನ್ನೊಂದು ಮಾತು ಗೊತ್ತಿರಬೇಕು. ಕಾಯಿಲೆಯನ್ನ ಎರಡು ಥರ ಎಣಿಸ್ತಾರೆ. ನಮ್ಮ ಹನಗೋಡಿನಲ್ಲಿ ಲಕ್ಷ್ಮಣತೀರ್ಥಕ್ಕೆ ಕಟ್ಟಿದ ಅಣೆಕಟ್ಟೆಯನ್ನೇ ನೋಡಿ. ಇವತ್ತು ಕಟ್ಟೆ ಹಿಂದೆ ನಿಂತಿರೋ ನೀರು ಒಂದು ಲೆಕ್ಕ. ದಿನಕ್ಕೆ ಹೊಸದಾಗಿ ಹರಿದು ಬರೋ ನೀರು ಇನ್ನೊಂದು. ಒಂದು ದಿನ ನಿಂತು ನೋಡಿದಾಗ ಎಷ್ಟು ಜನಕ್ಕೆ ಕಾಯಿಲೆ ಇದೆಯೋ ಅದು ನಿಂತ ನೀರು, ಪುಸ್ತಕದ ಭಾಷೆಯಲ್ಲಿ ರೋಗದ ವ್ಯಾಪಕತೆ. ವರ್ಷದಲ್ಲಿ ಹೊಸದಾಗಿ ಎಷ್ಟು ಜನಕ್ಕೆ ಬಂತೋ ಅದು ಒಳಹರಿವು. ನಿಂತ ನೀರು ಕಮ್ಮಿ ಆಯ್ತು ಅಂತ ಅಧಿಕಾರಿಗಳು ಖುಷಿಪಟ್ಟರೆ ನಾವು ಕೇಳಬೇಕು: ಒಳಹರಿವು ಕಮ್ಮಿ ಆಯ್ತಾ, ಇಲ್ಲಾ ಹೊರಹರಿವು ಜಾಸ್ತಿ ಆಯ್ತಾ? ಯಾಕಂದ್ರೆ ಹೊರಹರಿವಿಗೆ ಎರಡು ತೂಬು. ಒಂದು ವಾಸಿಯಾಗೋದು, ಇನ್ನೊಂದು ಸಾಯೋದು.

ಇನ್ನು ಕರ್ನಾಟಕದ ಚರಿತ್ರೆಗೆ ಬರ್ತೀನಿ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು. ಅವರು 1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಆಸ್ಪತ್ರೆಯಲ್ಲಿ ಕೂರಲಿಲ್ಲ, ಆರಿಸಿದ ಹಳ್ಳಿಗಳಿಗೆ ಹೋಗಿ ಎಕ್ಸ್‌ರೇ ತೆಗೆದು, ಕಫ ಪರೀಕ್ಷೆ ಮಾಡಿದರು. ಕಫದಲ್ಲಿ ಕ್ಷಯದ ಕ್ರಿಮಿ ಇದ್ದವರು ಸಾವಿರಕ್ಕೆ ಸುಮಾರು 4 ಜನ ಸಿಕ್ಕರು. ‘ಹಳ್ಳಿ ಜನ ಮೂಢರು, ಆಸ್ಪತ್ರೆಗೆ ಬರಲ್ಲ’ ಅನ್ನೋದು ಆಗಿನ ಸಾಮಾನ್ಯ ಮಾತು. ಅದೇ ಸಂಸ್ಥೆಯ ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಆ ರೋಗಿಗಳ ಮನೆಗೇ ಹೋಗಿ ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಂಡದ್ದೇನು? ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಶೀಶೆ. ಜನ ಬಂದಿದ್ದರು, ವ್ಯವಸ್ಥೆ ನೋಡಲಿಲ್ಲ. ಮನೆಮನೆ ಲೆಕ್ಕ ಇಲ್ಲದಿದ್ದರೆ ಇವತ್ತಿಗೂ ತಪ್ಪು ರೋಗಿಯದೇ ಆಗಿರುತ್ತಿತ್ತು.

ಈಗ ಹಂದಿಗೋಡಿನ ಕತೆ. ಇದು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಳ್ಳಿ. ನಮ್ಮ ಹನಗೋಡಿಗೂ ಅದಕ್ಕೂ ಹೆಸರಿನಲ್ಲಿ ಒಂದಕ್ಷರದ ಅಂತರ. 1974-75ರ ಸುಮಾರಿಗೆ ಅಲ್ಲಿನ ಒಂದು ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟ, ಮಂಡಿ ನೋವಿನಿಂದ ಶುರುವಾಗಿ ಕೀಲು ಸವೆದು, ಗಟ್ಟಿಮುಟ್ಟಾಗಿ ಗದ್ದೆ ಕೆಲಸ ಮಾಡುತ್ತಿದ್ದವರು ಕೋಲು ಹಿಡಿದು ಬಾಗಿ ನಡೆಯೋ ಹಾಗಾದರು. ಕೆಲವರು ಹುಟ್ಟಿನಿಂದಲೇ ಕುಳ್ಳು. ಬಾಧೆಪಟ್ಟವರು ಹೆಚ್ಚಾಗಿ ಚನ್ನಂಗಿ ಮತ್ತು ಛಲವಾದಿ ಸಮುದಾಯದವರು. ಅಂದ್ರೆ ನಮ್ಮವರು.

ಏನು ಕಾರಣ? ಮೊದಲ ಅನುಮಾನ ಹೋಗಿದ್ದು ತಟ್ಟೆಯ ಮೇಲೆ. ಆಗಷ್ಟೇ ಹೊಸ ಭತ್ತದ ತಳಿ, ಎಂಡ್ರಿನ್, ಪ್ಯಾರಾಥಿಯಾನ್‌ನಂಥ ಕೀಟನಾಶಕ ಗದ್ದೆಗೆ ಬಂದಿದ್ದವು. ವಿಷ ತಿಂದು ಸತ್ತ ಏಡಿ, ಮೀನನ್ನ ಇವರು ತಿಂದರು, ಅದಕ್ಕೇ ಹೀಗಾಯ್ತು ಅನ್ನೋ ವಾದ ಬಹಳ ಓಡಾಡಿತು. ಕೀಟನಾಶಕವನ್ನ ಅನುಮಾನಿಸಿದ್ದು ತಪ್ಪಲ್ಲ, ಅದು ವಿಷವೇ. ಆದರೆ ಜನರ ಬಾಯಲ್ಲಿ ಆ ಮಾತು ಬೇಗ ಬೇರೆಯಾಗುತ್ತೆ. ‘ವಿಷ ಹಾಕಿದವರು ಯಾರು’ ಅನ್ನೋದು ಮರೆತು, ‘ಏಡಿ ತಿನ್ನೋ ಜನ’ ಅನ್ನೋದು ಉಳಿಯುತ್ತೆ. ನಮ್ಮ ಊಟವನ್ನ ನಮ್ಮ ರೋಗಕ್ಕೆ ಕಾರಣ ಮಾಡೋದು ಈ ನಾಡಿಗೆ ಹೊಸದೇನಲ್ಲ.

ಇಂಥ ಮಾತನ್ನ ಪರೀಕ್ಷೆ ಮಾಡೋದು ಹೇಗೆ? ನಾಲ್ಕು ಮನೆಯ ಒಂದು ಚೌಕ ಬರೀರಿ. ಏಡಿ ತಿಂದು ಕಾಯಿಲೆ ಬಂದವರು, ಏಡಿ ತಿಂದೂ ಬರದವರು, ತಿನ್ನದೆಯೂ ಬಂದವರು, ತಿನ್ನದೆ ಬರದವರು. ನಾಲ್ಕೂ ಮನೆ ತುಂಬಿಸದೆ, ಮೊದಲನೆಯದನ್ನ ಮಾತ್ರ ತೋರಿಸಿ ‘ನೋಡಿ, ಬಂದವರೆಲ್ಲ ಏಡಿ ತಿಂದವರೇ’ ಅಂದರೆ ಅದು ವಿಜ್ಞಾನ ಅಲ್ಲ, ಪುಕಾರು. ಗದ್ದೆ ಏಡಿಯನ್ನ ಮಲೆನಾಡಿನಲ್ಲೂ ನಮ್ಮ ಹುಣಸೂರು, ಕೋಟೆ ಕಡೆಯಲ್ಲೂ ಎಷ್ಟೋ ಜಾತಿಯವರು ತಿಂತಾರೆ. ಹಂಗಾದ್ರೆ ಆ ಎರಡನೇ ಮನೆಯವರ ಲೆಕ್ಕ ಎಲ್ಲಿ?

ಲೆಕ್ಕ ಬೇರೆ ದಾರಿ ತೋರಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯಲ್ಲೇ ‘ಕೌಟುಂಬಿಕ’ ಸಂಧಿವಾತ ಅನ್ನೋ ಮಾತಿತ್ತು. ಆಮೇಲೆ ಲಖನೌದ ಎಸ್.ಎಸ್. ಅಗರವಾಲ್ ಮತ್ತಿತರರು 1994ರಲ್ಲಿ ಎಕ್ಸ್‌ರೇಗಳ ಆಧಾರದಿಂದ ಇದು ಮೂಳೆ ಬೆಳವಣಿಗೆಯ ವಂಶವಾಹಿ ದೋಷ ಅಂತ ಬರೆದರು. ತಾಯಿ ಅಥವಾ ತಂದೆ, ಒಬ್ಬರಲ್ಲಿದ್ದರೆ ಸಾಕು, ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ದಕ್ಷಿಣ ಆಫ್ರಿಕಾದ ಮ್ಸೆಲೆನಿಯ ಕಪ್ಪು ಜನರಲ್ಲಿ ಕಂಡ ಇಂಥದ್ದೇ ಕಾಯಿಲೆಯ ಜೊತೆ ಇದನ್ನ ಹೋಲಿಸಿಯೂ ನೋಡಿದರು.

1977ರ ವರದಿಯಿಂದ 1994ರ ಪ್ರಬಂಧಕ್ಕೆ 17 ವರ್ಷ. ಇದನ್ನ ಪಕ್ಕದ ಸೊರಬ ತಾಲ್ಲೂಕಿನ ಜೊತೆ ಇಟ್ಟು ನೋಡಿ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೆ ಜ್ವರ ಬಂತು. ಹಳದಿ ಜ್ವರ ಭಾರತಕ್ಕೆ ಬಂತೇನೋ ಅಂತ ದೇಶ ವಿದೇಶದವರು ಬೆಚ್ಚಿಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದೇ ವರ್ಷ ವೈರಸ್ಸನ್ನ ಪತ್ತೆ ಮಾಡಿದರು. ವೈರಸ್ ಹುಡುಕೋದು ಬೇರೆ, ವಂಶವಾಹಿ ಹುಡುಕೋದು ಬೇರೆ ಅಂತ ನನಗೂ ಗೊತ್ತು. ಆದರೂ ಒಂದು ಮಾತು ಹೇಳಲೇಬೇಕು. ಕೇರಿ ದಾಟಿ ಬರೋ ಕಾಯಿಲೆಗೆ ವ್ಯವಸ್ಥೆ ಓಡುತ್ತೆ. ಕೇರಿಯೊಳಗೇ ಉಳಿಯೋ ಕಾಯಿಲೆಗೆ ನಡೆಯುತ್ತೆ.

‘ವಂಶಪಾರಂಪರ್ಯ’ ಅಂತ ಹೇಳಿದ ಮೇಲೆ ಸರ್ಕಾರದ ಕೆಲಸ ಮುಗೀತು ಅಂತಲೂ ಅಲ್ಲ. ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲದಿರಬಹುದು. ನೋವಿಗೆ ಔಷಧಿ ಇದೆ, ಸವೆದ ಕೀಲು ಬದಲಿಸೋ ಶಸ್ತ್ರಚಿಕಿತ್ಸೆ ಇದೆ, ಪಿಂಚಣಿ ಇದೆ, ಕೂತು ಮಾಡೋ ಕೆಲಸ ಇದೆ. ಇಷ್ಟಕ್ಕೂ ಎಷ್ಟು ಜನಕ್ಕೆ ಬೇಕು ಅನ್ನೋ ಲೆಕ್ಕ ಬೇಕು.

ನಮ್ಮ ಕಡೆಗೇ ಬರೋಣ. ಹನಗೋಡು ಹೋಬಳಿಯಿಂದ ಕೋಟೆ, ಪಿರಿಯಾಪಟ್ಟಣದ ಕಾಡಂಚಿನವರೆಗೂ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳಿವೆ. ಇಲ್ಲಿನ ಕಾಡು ಬಂಡೀಪುರ, ವಯನಾಡು ದಾಟಿ ನೀಲಗಿರಿಯವರೆಗೂ ಒಂದೇ. ಆ ನೀಲಗಿರಿಯ ಆದಿವಾಸಿಗಳಲ್ಲಿ ಕುಡುಗೋಲು ಕಣದ ರಕ್ತದೋಷ, ಅಂದ್ರೆ ಸಿಕಲ್ ಸೆಲ್ ಇದೆ ಅಂತ ಲೆಹ್ಮನ್ ಮತ್ತು ಕಟ್‌ಬುಷ್ 1952ರಲ್ಲೇ ಬರೆದರು. ಇದು ಹಂದಿಗೋಡಿನದಕ್ಕಿಂತ ಬೇರೆ. ತಾಯಿ ತಂದೆ ಇಬ್ಬರಲ್ಲೂ ಗುಪ್ತವಾಗಿದ್ದರೆ ಪ್ರತಿ ಮಗುವಿಗೆ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಅಪಾಯ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಕಾಯಿಲೆ ಕಾಣಿಸಲ್ಲ, ಆದರೆ ಮುಂದಿನ ಪೀಳಿಗೆಗೆ ದಾಟುತ್ತೆ. ಕಾಯಿಲೆ ಇದ್ದವರಿಗೆ ತಡೆಯಲಾರದ ಮೈಕೈ ನೋವು, ರಕ್ತಹೀನತೆ. ರಕ್ತ ಪರೀಕ್ಷೆ ಮಾಡದಿದ್ದರೆ ‘ರಕ್ತ ಕಮ್ಮಿ’ ಅಂತ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸೋದು ಸುಲಭ. ತುಮಕೂರಿನ ಕೆಮ್ಮಿನ ಔಷಧ ನೆನಪಿರಲಿ.

2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ಕ್ಕೆ ನಿರ್ಮೂಲನೆ ಅನ್ನೋದು ಗುರಿ. ಕರ್ನಾಟಕವೂ ಅದರಲ್ಲಿದೆ. ಒಳ್ಳೇದು. ಆದರೆ ಛೇದ? ಕೊಡಗಿನ ಕಾಫಿ ತೋಟದ ಕೆಲಸದ ಕಾಲದಲ್ಲಿ ಹಾಡಿಗೆ ಹೋಗಿ ನೋಡಿ. ಮುದುಕರು, ಚಿಕ್ಕ ಮಕ್ಕಳು ಸಿಗ್ತಾರೆ. ಮದುವೆ ವಯಸ್ಸಿನವರು, ಬಸುರಿಯರು, ಅಂದ್ರೆ ಈ ಪರೀಕ್ಷೆ ಯಾರಿಗೆ ಮುಖ್ಯವೋ ಅವರೇ ತೋಟದ ಲೈನ್‌ಮನೆಯಲ್ಲಿರ್ತಾರೆ. ಅವತ್ತು ಸಿಕ್ಕವರನ್ನ ಪರೀಕ್ಷಿಸಿ ‘ಹಾಡಿ ಪೂರ್ತಿ ಮುಗೀತು’ ಅಂತ ಬರೆದರೆ ಆ ತಖ್ತೆ ಸುಳ್ಳು.

ಕೊನೆಗೆ ನಮ್ಮ ಬಳಗಕ್ಕೂ ಒಂದು ಮಾತು. ಪ್ರತಿ ಮಾರ್ಚ್ 8ಕ್ಕೆ ‘ದಲಿತ ಮಹಿಳೆ 14.6 ವರ್ಷ ಮೊದಲೇ ಸಾಯ್ತಾಳೆ’ ಅನ್ನೋ ಅಂಕಿ ಓಡಾಡುತ್ತೆ. ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2018ರ ವರದಿಯಲ್ಲಿ ಅದಿದೆ. ಆದರೆ ಅದು ಸತ್ತವರ ಸರಾಸರಿ ವಯಸ್ಸು, ಬದುಕಿರುವವರ ಛೇದ ಅದರಲ್ಲಿಲ್ಲ. ಚಿಕ್ಕ ವಯಸ್ಸಿನವರೇ ಹೆಚ್ಚಿರೋ ಸಮುದಾಯದಲ್ಲಿ ಸತ್ತವರ ಸರಾಸರಿ ವಯಸ್ಸು ತಾನಾಗಿಯೇ ಕಮ್ಮಿ ಬರುತ್ತೆ. ಎದುರಾಳಿ ಅದನ್ನ ಒಂದೇ ಮಾತಲ್ಲಿ ಹೊಡೆದು ಹಾಕ್ತಾನೆ. ಗಟ್ಟಿ ಲೆಕ್ಕ ಬೇರೆ ಇದೆ. 2010-11ರ ವಾರ್ಷಿಕ ಆರೋಗ್ಯ ಸಮೀಕ್ಷೆಯ ಸುಮಾರು 2 ಕೋಟಿ ಜನರ ಮಾಹಿತಿಯಿಂದ ಸಂಗೀತಾ ವ್ಯಾಸ್, ಪಾಯಲ್ ಹಾಥಿ, ಆಶಿಶ್ ಗುಪ್ತಾ 2022ರಲ್ಲಿ ಪ್ರಕಟಿಸಿದ್ದು: ಮೇಲ್ಜಾತಿ ಹಿಂದೂಗಳಿಗೆ ಹೋಲಿಸಿದರೆ ಆದಿವಾಸಿಗಳ ಆಯುಷ್ಯದ ನಿರೀಕ್ಷೆ 4 ವರ್ಷಕ್ಕಿಂತ ಹೆಚ್ಚು ಕಮ್ಮಿ, ದಲಿತರದು 3 ವರ್ಷಕ್ಕಿಂತ ಹೆಚ್ಚು ಕಮ್ಮಿ, ಮುಸ್ಲಿಮರದು ಸುಮಾರು 1 ವರ್ಷ ಕಮ್ಮಿ. ಬಡತನ ಈ ಅಂತರದ ಅರ್ಧವನ್ನೂ ವಿವರಿಸಲ್ಲ. ಉಳಿದದ್ದು ಏನು ಅಂತ ಬಿಡಿಸಿ ಹೇಳಬೇಕಾ? 14.6ಕ್ಕಿಂತ 3 ಚಿಕ್ಕದಾಗಿ ಕಾಣಬಹುದು. ಆದರೆ ಅದನ್ನ ಯಾರೂ ಅಲ್ಲಾಡಿಸೋಕೆ ಆಗಲ್ಲ. ಆ ಅಧ್ಯಯನ ಇರೋದು 9 ರಾಜ್ಯಗಳ ಮೇಲೆ, ಕರ್ನಾಟಕ ಅದರಲ್ಲಿಲ್ಲ. ಸಾವು ನೋಂದಣಿ ನಮೂನೆಯಲ್ಲಿ ಧರ್ಮದ ಕಾಲಂ ಇದೆ, ಜಾತಿಯದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಾಯಿತ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5 ಮಾತ್ರ.

ಅದಕ್ಕೇ ಮುಂದಿನ ಗ್ರಾಮಸಭೆಯಲ್ಲಿ, ಆರೋಗ್ಯ ಸಭೆಯಲ್ಲಿ ‘ಕೇಸ್ ಇಲ್ಲ’ ಅಂದಾಗ ಜಗಳ ಮಾಡಬೇಡಿ, ಬರವಣಿಗೆಯಲ್ಲಿ ಮೂರು ಪ್ರಶ್ನೆ ಕೊಡಿ. ಎಷ್ಟು ಜನರನ್ನ ಪರೀಕ್ಷಿಸಿ ಇಲ್ಲ ಅಂತಿದ್ದೀರಿ? ಅದರಲ್ಲಿ ಕೇರಿಯವರು, ಹಾಡಿಯವರು ಎಷ್ಟು? ಅವತ್ತು ಮನೆಯಲ್ಲಿ ಇಲ್ಲದವರನ್ನ ಮತ್ತೆ ಯಾವಾಗ ನೋಡ್ತೀರಿ? ಕೊಟ್ಟ ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳೋದು ಮರೀಬೇಡಿ. ಗುಮಾಸ್ತನಾಗಿ ಹೇಳ್ತಿದ್ದೀನಿ, ಸೀಲು ಬಿದ್ದ ಪ್ರಶ್ನೆಗೆ ನಿಲ್ ಅಂತ ಬರೆಯೋಕೆ ಕೈ ಸ್ವಲ್ಪ ಹಿಂಜರಿಯುತ್ತೆ.

ಜೈಭೀಮ್.