ವೇಳಾಪಟ್ಟಿ ಮತ್ತು ಮುನ್ನೋಟ: ಕನ್ನಡ ದೃಶ್ಯಪ್ರಸಾರದಲ್ಲಿ ನಡೆದು ಬಂದ ದಾರಿ

ಯಾವ ಕಾರ್ಯಕ್ರಮ ಯಾವ ದಿನ, ಎಷ್ಟು ಹೊತ್ತಿಗೆ ನೋಡುಗರಿಗೆ ಸಿಗಬೇಕೆಂದು ಮೊದಲೇ ಗೊತ್ತುಮಾಡುವುದು ವೇಳಾಪಟ್ಟಿ. ಅದು ಬರುವ ಮುನ್ನ ಒಂದು ತುಣುಕು ತೋರಿಸಿ ಕಾಯುವಂತೆ ಮಾಡುವುದು ಮುನ್ನೋಟ. ಇಂಟರ್ನೆಟ್ ಮೂಲಕ ಸಿನಿಮಾ, ಧಾರಾವಾಹಿ ತಲುಪಿಸುವ ಓಟಿಟಿ ಸೇವೆಗಳು ‘ಬೇಕಾದಾಗ ನೋಡಿ’ ಎಂದು ಹೇಳಿಕೊಂಡೇ ಬಂದದ್ದರಿಂದ, ವೇಳಾಪಟ್ಟಿಯ ಕಾಲ ಮುಗಿಯಿತು ಎಂದು ಬಹಳ ಮಂದಿ ನಂಬಿದರು. ಕನ್ನಡದ ಅನುಭವ ಬೇರೆಯದನ್ನೇ ಹೇಳುತ್ತದೆ. ವೇಳಾಪಟ್ಟಿ ಎಲ್ಲೂ ಹೋಗಲಿಲ್ಲ. ಊರಿನ ಟೆಂಟಿನಿಂದ ದೂರದರ್ಶನಕ್ಕೆ, ಅಲ್ಲಿಂದ ಖಾಸಗಿ ವಾಹಿನಿಗೆ, ಕೊನೆಗೆ ಕಂಪನಿಯ ಸರ್ವರಿಗೆ ಅದು ಕೈ ಬದಲಾಯಿಸುತ್ತಾ ಬಂತು. ಪ್ರತಿ ಸಲ ಕೈ ಬದಲಾದಾಗಲೂ ಕನ್ನಡಕ್ಕೆ ಸಿಕ್ಕ ಹೊತ್ತು ಯಾವುದು, ಅದನ್ನು ಗೊತ್ತುಮಾಡಿದವರು ಯಾರು ಎಂಬುದೇ ಈ ಚರಿತ್ರೆಯ ಮುಖ್ಯ ಪ್ರಶ್ನೆ.

ಟೆಂಟು ಸಿನಿಮಾದ ಕಾಲದಲ್ಲಿ ವೇಳಾಪಟ್ಟಿ ಕಿವಿಗೆ ಬೀಳುತ್ತಿತ್ತು. ಜಟಕಾ ಗಾಡಿಗೋ ಜೀಪಿಗೋ ಧ್ವನಿವರ್ಧಕ ಕಟ್ಟಿ ಬೀದಿ ಬೀದಿಯಲ್ಲಿ ಚಿತ್ರದ ಹೆಸರು ಕೂಗುತ್ತಿದ್ದರು, ಬಣ್ಣದ ಕರಪತ್ರ ಎಸೆಯುತ್ತಿದ್ದರು, ಮಕ್ಕಳು ಅದರ ಹಿಂದೆ ಓಡುತ್ತಿದ್ದರು. ಸಂಜೆ ಟೆಂಟಿನ ಮೈಕಿನಲ್ಲಿ ದೇವರ ಹಾಡು ಶುರುವಾದರೆ ಟಿಕೆಟ್ ಕೊಡುತ್ತಾರೆಂದು ಅರ್ಥ. ಗೋಡೆಯ ಪೋಸ್ಟರಿನ ಮೇಲೆ ಅಂಟಿಸಿದ ‘ಮುಂದಿನ ಬದಲಾವಣೆ’ ಎಂಬ ಚೀಟಿ ಆ ಕಾಲದ ಮುನ್ನೋಟ. ಇಂದು ಆ್ಯಪ್‌ಗಳಲ್ಲಿ ಕಾಣುವ ‘ಶೀಘ್ರದಲ್ಲಿ’ ಎಂಬ ಸಾಲಿಗೂ ಈ ಚೀಟಿಗೂ ಕೆಲಸ ಒಂದೇ.

ಕನ್ನಡ ಟೆಲಿವಿಷನ್ನಿನ ಮೊದಲ ವೇಳಾಪಟ್ಟಿ ಬಂದದ್ದು ಬೆಂಗಳೂರಿನಿಂದಲ್ಲ, ಉಪಗ್ರಹದಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದರು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ ಮೀಸಲು. ಹಿಂದಿ, ಕನ್ನಡ, ತೆಲುಗು, ಒಡಿಯಾ ಎಂದು ನಾಲ್ಕು ಭಾಷೆಗೆ ಹಂಚಿದಾಗ ಕನ್ನಡದ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆಯದು ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಒಂದೇ ಚಿತ್ರಕ್ಕೆ ಎರಡು ಧ್ವನಿವಾಹಿನಿ ಜೋಡಿಸುವ ಸೌಲಭ್ಯವೂ ಆ ಉಪಗ್ರಹದಲ್ಲಿತ್ತು. ಇಂದು ಮೊಬೈಲಿನಲ್ಲಿ ‘ಆಡಿಯೊ: ಕನ್ನಡ’ ಎಂದು ಒತ್ತುವವರು ಆ ಉಪಾಯದ ವಾರಸುದಾರರು. ಪಂಚಾಯಿತಿ ಕಟ್ಟೆಯಲ್ಲೋ ಶಾಲೆಯಲ್ಲೋ ಇಟ್ಟ ಒಂದು ಪೆಟ್ಟಿಗೆಯ ಮುಂದೆ ಊರೆಲ್ಲ ಕೂರುತ್ತಿದ್ದರಿಂದ, ಆ ಹೊತ್ತು ಊರಿನ ಹೊತ್ತಾಗಿತ್ತು.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಮರುವರ್ಷ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ದೇಶದ ಎಲ್ಲ ಕೇಂದ್ರಗಳಿಗೂ ಬಂತು. ಎಂಟೂವರೆಯ ನಂತರದ ರಾತ್ರಿ, ಅಂದರೆ ಊಟ ಮುಗಿಸಿ ಮನೆಮಂದಿ ಒಟ್ಟಿಗೆ ಕೂರುವ ಹೊತ್ತು, ಹಿಂದಿ ಮತ್ತು ಇಂಗ್ಲಿಷಿಗೆ ಹೋಯಿತು. ಕನ್ನಡ ಅದಕ್ಕಿಂತ ಮುಂಚಿನ ಸಂಜೆಗೆ ಸರಿಯಿತು. ಕನ್ನಡದ ನೋಡುಗ ತನ್ನ ಭಾಷೆಗಾಗಿ ದನ ಕಟ್ಟುವ, ಒಲೆ ಹಚ್ಚುವ ಹೊತ್ತಿನಲ್ಲಿ ಬಿಡುವು ಮಾಡಿಕೊಳ್ಳಬೇಕಾಗಿ ಬಂದದ್ದು ಸಣ್ಣ ಸಂಗತಿಯಲ್ಲ. ವೇಳಾಪಟ್ಟಿ ಕೇವಲ ಪಟ್ಟಿಯಲ್ಲ, ಅದು ಭಾಷೆಗಳಿಗೆ ಹಾಕುವ ಮಣೆ ಎಂಬುದು ಕನ್ನಡಿಗರಿಗೆ ಮೊದಲು ಗೊತ್ತಾದದ್ದು ಆಗ.

ಈ ಕಥೆಯಲ್ಲಿ ಹಾಸನ ಜಿಲ್ಲೆಗೆ ವಿಶೇಷ ಸ್ಥಾನವಿದೆ. ಇನ್ಸಾಟ್ ಸರಣಿಯ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿ ನೋಡಿಕೊಳ್ಳುವ ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರ (ಎಂಸಿಎಫ್) 1982ರಲ್ಲಿ ಸ್ಥಾಪನೆಯಾದದ್ದು ಹಾಸನದಲ್ಲಿ. ದೆಹಲಿಯ ವೇಳಾಪಟ್ಟಿಯನ್ನು ದೇಶಕ್ಕೆಲ್ಲ ತಲುಪಿಸುತ್ತಿದ್ದ ಉಪಗ್ರಹಕ್ಕೆ ಆಣತಿ ಹೋಗುತ್ತಿದ್ದುದು ಈ ಜಿಲ್ಲೆಯಿಂದ. ಅದೇ ಜಿಲ್ಲೆಯ ಪಡುವಣ ಅಂಚಿನಲ್ಲಿ, ಶಿರಾಡಿ ಘಾಟಿಯ ನೆತ್ತಿಯ ಮೇಲಿನ ಹೆಗ್ಗದ್ದೆಯ ಕಡೆ, ಗುಡ್ಡದ ಮರೆಯ ಮನೆಗಳಿಗೆ ಚಿತ್ರ ಬರುವುದೇ ಕಷ್ಟವಾಗಿತ್ತು. ಅಡಿಕೆ ದಬ್ಬೆಗೋ ಕಬ್ಬಿಣದ ಪೈಪಿಗೋ ಆಂಟೆನಾ ಕಟ್ಟಿ ಹೆಂಚಿನ ಮೇಲೆ ಒಬ್ಬ ಹತ್ತಿ ತಿರುಗಿಸುವುದು, ಅಂಗಳದಲ್ಲಿ ನಿಂತ ಇನ್ನೊಬ್ಬ ಒಳಗಿನವರ ಮಾತನ್ನು ಮೇಲಕ್ಕೆ ದಾಟಿಸುವುದು: ‘ಬಂತು, ಬಂತು... ಹೋಯ್ತು, ಇನ್ನೊಂಚೂರು ಈ ಕಡೆ’. ಮಲೆನಾಡಿನ ಮನೆಗಳಲ್ಲಿ ಭಾನುವಾರದ ಸಿನಿಮಾದ ವೇಳಾಪಟ್ಟಿ ಅರ್ಧ ಗಂಟೆ ಮುಂಚೆಯೇ, ಆಂಟೆನಾದ ಬುಡದಲ್ಲಿ ಶುರುವಾಗುತ್ತಿತ್ತು.

ಖಾಸಗಿ ವಾಹಿನಿಗಳು ಬಂದು ಕನ್ನಡಕ್ಕೆ ರಾತ್ರಿಯ ಹೊತ್ತನ್ನು ಮರಳಿ ಕೊಟ್ಟವು. 1994ರಲ್ಲಿ ಉದಯ, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಸಂಜೆ ಆರರಿಂದ ಹತ್ತೂವರೆವರೆಗಿನ ಸಮಯ ಅರ್ಧರ್ಧ ಗಂಟೆಯ ‘ಸ್ಲಾಟ್’ಗಳಾಗಿ ಒಡೆಯಿತು. ‘ಹಿಂದಿನ ಸಂಚಿಕೆಯಲ್ಲಿ’, ‘ಮುಂದಿನ ಸಂಚಿಕೆಯಲ್ಲಿ’, ‘ಪ್ರೋಮೊ’, ‘ಮಹಾಸಂಚಿಕೆ’ ಎಂಬ ಮಾತುಗಳು ಮನೆಮಾತಾದವು. ಧಾರಾವಾಹಿಯ ಕೊನೆಯಲ್ಲಿ ನಾಳೆಯ ಕಥೆಯ ಅರ್ಧ ನಿಮಿಷ ತೋರಿಸಿ ನಿಲ್ಲಿಸುವ ಕಲೆ ಇದೇ ಅವಧಿಯಲ್ಲಿ ಪಳಗಿತು. ಇತ್ತ ಡಿಟಿಎಚ್ ಬಂದು ಪತ್ರಿಕೆಯ ಟಿವಿ ಅಂಕಣ ಮಾಡುತ್ತಿದ್ದ ಕೆಲಸ ರಿಮೋಟಿನ ಗುಂಡಿಗೆ ಬಂತು: ‘ಗೈಡ್’ ಒತ್ತಿದರೆ ಪರದೆಯ ಮೇಲೆ ಏಳು ದಿನಗಳ ಪಟ್ಟಿ. ಆ ಪಟ್ಟಿ ಸಿನಿಮಾದ ಜೊತೆಗೇ ಆಕಾಶದಿಂದ ಇಳಿಯುವ ಪುಟ್ಟ ಮಾಹಿತಿ ಕೋಷ್ಟಕ. ಡಬ್ಬಿ ಅದನ್ನು ಓದಿ ಬಿಡಿಸಿ ತೋರಿಸುತ್ತದೆ. ಆದರೆ ಅದರಲ್ಲಿ ಕನ್ನಡ ಕಾರ್ಯಕ್ರಮದ ಹೆಸರು ಬಹುಕಾಲ ಇಂಗ್ಲಿಷ್ ಅಕ್ಷರದಲ್ಲೇ ಇತ್ತು. ಪತ್ರಿಕೆಯ ಅಂಕಣವನ್ನು ಬೆರಳಿಟ್ಟು ಓದುತ್ತಿದ್ದ ಅಜ್ಜಿಯರಿಗೆ ಈ ಬದಲಾವಣೆಯಿಂದ ನಷ್ಟವೇ ಆಯಿತು.

ಹೊರಜಗತ್ತಿನಲ್ಲಿ ನೆಟ್‌ಫ್ಲಿಕ್ಸ್ 2007ರಲ್ಲಿ ಇಂಟರ್ನೆಟ್ ಮೂಲಕ ಸಿನಿಮಾ ತೋರಿಸಲು ತೊಡಗಿ, 2013ರ ಫೆಬ್ರವರಿ 1ರಂದು ‘ಹೌಸ್ ಆಫ್ ಕಾರ್ಡ್ಸ್’ ಸರಣಿಯ ಹದಿಮೂರೂ ಕಂತುಗಳನ್ನು ಒಂದೇ ದಿನ ಬಿಟ್ಟಿತು. ಭಾರತಕ್ಕೆ ಹಾಟ್‌ಸ್ಟಾರ್ 2015ರಲ್ಲಿ, ನೆಟ್‌ಫ್ಲಿಕ್ಸ್, ವೂಟ್ ಮತ್ತು ಅಮೆಜಾನ್ ಪ್ರೈಮ್ ವಿಡಿಯೊ 2016ರಲ್ಲಿ, ಸನ್ ನೆಕ್ಸ್ಟ್ 2017ರಲ್ಲಿ, ಜೀ5 2018ರಲ್ಲಿ ಬಂದವು. ಇವೆಲ್ಲ ಹಳ್ಳಿಗೆ ಮುಟ್ಟಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾಗಿ ಡೇಟಾ ಅಗ್ಗವಾದ ಮೇಲೆ. ಜಿಯೊ ಟಿವಿಯಲ್ಲಿ ನಿನ್ನೆಯ, ಮೊನ್ನೆಯ ಧಾರಾವಾಹಿಯನ್ನೂ ಹಿಂದಕ್ಕೆ ಹೋಗಿ ನೋಡಬಹುದಾಗಿತ್ತು. ವೇಳಾಪಟ್ಟಿ ಹಿಂದಕ್ಕೂ ಚಾಚಿತು.

ಮುಂದಕ್ಕೆ ಚಾಚಿದ್ದು ಇನ್ನೂ ಕುತೂಹಲದ ಸಂಗತಿ. 2019ರಲ್ಲಿ ಹಾಟ್‌ಸ್ಟಾರ್ ವರ್ಷಕ್ಕೆ 365 ರೂಪಾಯಿಯ ವಿಐಪಿ ಚಂದಾ ತಂದು, ಸಂಜೆ ಟಿವಿಯಲ್ಲಿ ಬರಬೇಕಾದ ಧಾರಾವಾಹಿಯನ್ನು ಅದೇ ದಿನ ಬೆಳಿಗ್ಗೆ ಆರಕ್ಕೇ ಕೊಟ್ಟಿತು. 2020ರಲ್ಲಿ ವೂಟ್ ಸೆಲೆಕ್ಟ್ ಮತ್ತು ಜೀ5 ಕ್ಲಬ್ ಇದೇ ದಾರಿ ಹಿಡಿದವು. ಕಾಸು ಕೊಟ್ಟವರಿಗೆ ಇಡೀ ಸಂಚಿಕೆಯೇ ಮುನ್ನೋಟವಾಯಿತು. ಒಂದೇ ಮನೆಯಲ್ಲಿ ಸೊಸೆ ಬೆಳಿಗ್ಗೆ ಮೊಬೈಲಿನಲ್ಲಿ ನೋಡಿ ಮುಗಿಸಿದ ಕಥೆಯನ್ನು ಅತ್ತೆ ರಾತ್ರಿ ಎಂಟಕ್ಕೆ ಟಿವಿಯಲ್ಲಿ ನೋಡುವ ಸ್ಥಿತಿ ಬಂತು. ‘ಏನಾಯ್ತು ಅಂತ ಈಗಲೇ ಹೇಳ್ಬೇಡ ಕಣೇ’ ಎಂಬ ಮಾತು ಕನ್ನಡ ಮನೆಗಳಲ್ಲಿ ಹೊಸತು.

ಸಿನಿಮಾದ ಮಟ್ಟಿಗೆ ತಿರುವು ಬಂದದ್ದು ಕೊರೊನಾ ವರ್ಷದಲ್ಲಿ. 2020ರ ಮೇ ತಿಂಗಳಲ್ಲಿ ಪ್ರೈಮ್ ವಿಡಿಯೊ ಹಲವು ಭಾಷೆಗಳ ಏಳು ಚಿತ್ರಗಳ ಬಿಡುಗಡೆಯನ್ನು ಒಟ್ಟಿಗೆ ಪ್ರಕಟಿಸಿತು. ಅವುಗಳಲ್ಲಿ ಎರಡು ಕನ್ನಡದವು, ಎರಡೂ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯವು: ರಘು ಸಮರ್ಥ್ ನಿರ್ದೇಶನದ ‘ಲಾ’, ಪನ್ನಗ ಭರಣ ನಿರ್ದೇಶನದ ‘ಫ್ರೆಂಚ್ ಬಿರಿಯಾನಿ’. ಜೂನ್ 26ಕ್ಕೆ ಬರಬೇಕಿದ್ದ ‘ಲಾ’ ಜುಲೈ 17ಕ್ಕೆ ಸರಿಯಿತು. ‘ಫ್ರೆಂಚ್ ಬಿರಿಯಾನಿ’ ಹೇಳಿದ ದಿನವೇ, ಜುಲೈ 24ಕ್ಕೆ ಬಂತು. ಚಿತ್ರಮಂದಿರಗಳು ಬೀಗ ಹಾಕಿಕೊಂಡಿದ್ದ ದಿನಗಳಲ್ಲಿ ಕನ್ನಡ ಸಿನಿಮಾಕ್ಕೊಂದು ದಿನಾಂಕ ಇದೆ ಎನ್ನುವುದೇ ದೊಡ್ಡ ಸಮಾಧಾನವಾಗಿತ್ತು. ಆಮೇಲೆ ಚಿತ್ರಮಂದಿರಕ್ಕೂ ಓಟಿಟಿಗೂ ನಡುವಿನ ಅಂತರವೇ ಚರ್ಚೆಯ ವಸ್ತುವಾಯಿತು. 2022ರ ಏಪ್ರಿಲ್ 14ರಂದು ತೆರೆಕಂಡ ‘ಕೆಜಿಎಫ್ ಚಾಪ್ಟರ್ 2’ ಮೇ 16ಕ್ಕೆ 199 ರೂಪಾಯಿ ಬಾಡಿಗೆಗೆ ಪ್ರೈಮ್‌ನಲ್ಲಿ ಸಿಕ್ಕಿ, ಜೂನ್ 3ರಿಂದ ಚಂದಾದಾರರಿಗೆಲ್ಲ ತೆರೆಯಿತು. ಅದೇ ವರ್ಷದ ಸೆಪ್ಟೆಂಬರ್ 30ರ ‘ಕಾಂತಾರ’ ನವೆಂಬರ್ 24ರವರೆಗೆ ಕಾಯಿತು. ಮರುವರ್ಷ ‘ಸಪ್ತ ಸಾಗರದಾಚೆ ಎಲ್ಲೋ’ ಮೊದಲ ಭಾಗ ಒಂದೇ ತಿಂಗಳೊಳಗೆ ಮೊಬೈಲಿಗೆ ಇಳಿಯಿತು. ಸಣ್ಣ ಊರಿನ ಚಿತ್ರಮಂದಿರಗಳಿಗೆ ಈ ಅಂತರ ಕುಗ್ಗಿದಷ್ಟೂ ಪೆಟ್ಟು.

ಬಿಡುಗಡೆಯ ಒಳಕೆಲಸ ನೋಡುಗರಿಗೆ ಕಾಣುವುದಿಲ್ಲ. ಚಿತ್ರದ ಮೂಲಪ್ರತಿ ವಾರಗಳ ಮುಂಚೆಯೇ ಕಂಪನಿಯ ಕೈ ಸೇರಿರುತ್ತದೆ. ಅದನ್ನು ಹಲವು ಗಾತ್ರಗಳಿಗೆ ಇಳಿಸಿ, ಉಪಶೀರ್ಷಿಕೆ ಹೊಂದಿಸಿ, ಊರೂರಿನ ಸಮೀಪದ ಸರ್ವರುಗಳಿಗೆ ಜನ ಮಲಗಿರುವ ಹೊತ್ತಿನಲ್ಲಿ ತುಂಬಿಟ್ಟಿರುತ್ತಾರೆ. ಹಗೇವಿನಲ್ಲಿ ಭತ್ತ ಇದೆ, ಬಾಯಿಗೆ ಮುದ್ರೆ ಹಾಕಿದೆ, ಅಷ್ಟೆ. ಮುದ್ರೆ ಒಡೆಯುವ ಗಳಿಗೆಯನ್ನು ಜಾಗತಿಕ ಸಮಯದಲ್ಲಿ ಬರೆದಿಡುವುದು ವಾಡಿಕೆ: ಭಾರತದ ನಡುರಾತ್ರಿ 12 ಎಂದರೆ ಆ ಗಡಿಯಾರದಲ್ಲಿ ಹಿಂದಿನ ದಿನದ ಸಂಜೆ 6.30. ನ್ಯೂಜೆರ್ಸಿಯ ಕನ್ನಡ ಮನೆಯಲ್ಲಿ ಆಗಿನ್ನೂ ಹಿಂದಿನ ದಿನದ ಮಧ್ಯಾಹ್ನ. ನೆಟ್‌ಫ್ಲಿಕ್ಸ್ ತನ್ನ ಸ್ವಂತ ಸರಣಿಗಳನ್ನು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದ ನಡುರಾತ್ರಿಗೆ ಬಿಡುವುದರಿಂದ ಅವು ನಮಗೆ ಸಿಗುವುದು ಮಧ್ಯಾಹ್ನ ಹನ್ನೆರಡೂವರೆಗೋ ಒಂದೂವರೆಗೋ, ಅಲ್ಲಿಯ ಬೇಸಿಗೆ ಗಡಿಯಾರಕ್ಕೆ ತಕ್ಕಂತೆ.

ಮುನ್ನೋಟವೂ ಹೀಗೇ ಚೂರುಚೂರಾಗಿ ಹಲವು ಕಡೆ ಸೇರಿಕೊಂಡಿದೆ. ಟೀಸರ್, ಟ್ರೇಲರ್, ಲಿರಿಕಲ್ ವಿಡಿಯೊ ಒಂದು ಬಗೆ. ಪಟ್ಟಿಯ ಮೇಲೆ ಕರ್ಸರ್ ನಿಂತ ಕೂಡಲೆ ತಾನಾಗಿ ಓಡುವ ತುಣುಕು ಇನ್ನೊಂದು. ಜನರ ಬೇಸರ ಕೇಳಿ 2020ರಲ್ಲಿ ನೆಟ್‌ಫ್ಲಿಕ್ಸ್ ಇದನ್ನು ನಿಲ್ಲಿಸಿಕೊಳ್ಳುವ ಆಯ್ಕೆ ಕೊಟ್ಟಿತು. ಮೂರನೆಯದು ಹೆಚ್ಚು ಜನ ಗಮನಿಸದೆಯೇ ಬಳಸುವ ಮುನ್ನೋಟ: ಕೆಳಗಿನ ಗೆರೆಯ ಮೇಲೆ ಬೆರಳು ಎಳೆದಾಗ ಮೂಡುವ ಪುಟ್ಟ ಚಿತ್ರಗಳು. ಎರಡೂವರೆ ಗಂಟೆಯ ಚಿತ್ರದಿಂದ ಹತ್ತು ಸೆಕೆಂಡಿಗೊಂದರಂತೆ ಚೌಕಟ್ಟು ತೆಗೆದರೆ 900 ಚಿತ್ರ. ಸಾಲಿಗೆ ಹತ್ತರಂತೆ ಹತ್ತು ಸಾಲು ಜೋಡಿಸಿದರೆ ಒಂಬತ್ತು ಹಾಳೆ. ಮೊಬೈಲು ಮೊದಲೇ ಈ ಹಾಳೆಗಳನ್ನು ತರಿಸಿಕೊಂಡು, ಬೆರಳು ನಿಂತ ಜಾಗದ ಚೌಕವನ್ನಷ್ಟೇ ತೋರಿಸುತ್ತದೆ. ಹಾಡು ಎಲ್ಲಿದೆ, ಹೊಡೆದಾಟ ಎಲ್ಲಿ ಮುಗಿಯಿತು ಎಂದು ಹುಡುಕುವವರಿಗೆ ನೆರವಾಗುವುದು ಈ ಅಂಚೆಚೀಟಿ ಗಾತ್ರದ ಚೌಕಗಳೇ. ತೂಕ ಹಗುರವಾದ್ದರಿಂದ, ಸಿಗ್ನಲ್ ಸೊರಗಿದ ಕಡೆ ಸಿನಿಮಾ ನಿಂತರೂ ಇವು ಓಡಾಡುತ್ತಿರುತ್ತವೆ.

ಗೊತ್ತುಮಾಡಿದ ಹೊತ್ತು ಕೈತಪ್ಪಿದ ದೊಡ್ಡ ಪ್ರಸಂಗವೂ ಕನ್ನಡದಲ್ಲಿದೆ. ‘ಕೆಜಿಎಫ್ ಚಾಪ್ಟರ್ 2’ ಟೀಸರನ್ನು ಯಶ್ ಅವರ ಹುಟ್ಟುಹಬ್ಬದ ದಿನ, 2021ರ ಜನವರಿ 8ರ ಬೆಳಿಗ್ಗೆ 10.18ಕ್ಕೆ ಬಿಡುವುದೆಂದು ಸಾರಿದ್ದರು. ಹಿಂದಿನ ದಿನವೇ ಅದು ಸೋರಿಹೋಯಿತು. ಚಿತ್ರತಂಡ ಕಾಯದೆ ಜನವರಿ 7ರ ರಾತ್ರಿಯೇ ಯೂಟ್ಯೂಬಿನಲ್ಲಿ ಬಿಟ್ಟಿತು. ಕೆಲವೇ ದಿನಗಳಲ್ಲಿ ವೀಕ್ಷಣೆ 10 ಕೋಟಿ ದಾಟಿತು. ನಿಮಿಷದ ಲೆಕ್ಕದಲ್ಲಿ ಮುಹೂರ್ತ ಇಡುವ ನಮ್ಮ ಹಳೆಯ ಅಭ್ಯಾಸ ಹೊಸ ಮಾಧ್ಯಮಕ್ಕೂ ಬಂದದ್ದು ಇಲ್ಲಿ ಕಾಣುತ್ತದೆ.

ಗಂಟೆಗೆ ಕಟ್ಟಿದ ನೇರಪ್ರಸಾರವೂ ಮರಳಿ ಬಂತು. 2022ರ ಆಗಸ್ಟ್ 6ರಂದು ‘ಬಿಗ್ ಬಾಸ್ ಕನ್ನಡ ಓಟಿಟಿ’ ವೂಟ್‌ನಲ್ಲಿ ಶುರುವಾಗಿ ಮನೆಯೊಳಗಿನದನ್ನು ದಿನವಿಡೀ ನೇರವಾಗಿ ತೋರಿಸಿತು. 2023ರಲ್ಲಿ ಜಿಯೊ ಸಿನಿಮಾ ಐಪಿಎಲ್ ಪಂದ್ಯಗಳನ್ನು ಕನ್ನಡ ವಿವರಣೆಯೊಂದಿಗೆ ಉಚಿತವಾಗಿ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಜಿಯೊ ಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾಗಿ ಜಿಯೊ ಹಾಟ್‌ಸ್ಟಾರ್ ಆಯಿತು.

ಆದರೆ ಕನ್ನಡದ ಸ್ವಂತ ವೆಬ್ ಸರಣಿಗೆ ಪಟ್ಟಿಯಲ್ಲಿ ಜಾಗ ಸಿಗುವುದು ಸುಲಭವಾಗಲಿಲ್ಲ. ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ ಅರ್ಪಿಸಿದ, ಕರಾವಳಿಯ ಕಥೆಗಳ ‘ಏಕಂ’ ಸರಣಿ ಸಿದ್ಧವಾಗಿಯೂ ಯಾವ ದೊಡ್ಡ ಓಟಿಟಿಯ ದಿನಾಂಕವನ್ನೂ ಪಡೆಯಲಾಗದೆ, 2024ರ ಜುಲೈ 13ರಂದು ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಯಿತು. ದಿನಾಂಕ ಕೊಡುವವರಿಲ್ಲದಾಗ ತಾವೇ ದಿನಾಂಕ ಗೊತ್ತುಮಾಡಿಕೊಂಡ ಈ ಹೆಜ್ಜೆಯನ್ನು ಕನ್ನಡ ದೃಶ್ಯಪ್ರಸಾರದ ಚರಿತ್ರೆ ನೆನಪಿಟ್ಟುಕೊಳ್ಳಬೇಕು. 2025ರ ಮಾರ್ಚಿನ ರಾಜ್ಯ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗಾಗಿ ಸರ್ಕಾರವೇ ಓಟಿಟಿ ವೇದಿಕೆ ಕಟ್ಟುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ಅದೇ ವರ್ಷದ ಏಪ್ರಿಲ್ 25ರಂದು ಜೀ5ರಲ್ಲಿ ‘ಅಯ್ಯನ ಮನೆ’ ಎಂಬ ಕನ್ನಡ ವೆಬ್ ಸರಣಿ ಬಂತು.

ಹೆಗ್ಗದ್ದೆಯಂಥ ಕಡೆ ಇವೆಲ್ಲದರ ಮೇಲೆ ಮಳೆಯದೊಂದು ಪ್ರತ್ಯೇಕ ಪಟ್ಟಿ ಇದೆ. ಜೂನ್ ತಿಂಗಳು ಕಾಲಿಟ್ಟರೆ ಮರ ಬಿದ್ದು ಕರೆಂಟು ಹೋಗುತ್ತದೆ, ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಪೇಟೆಗೆ ಹೋದವರು ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ವಾರಕ್ಕಾಗುವಷ್ಟು ಸಂಚಿಕೆಗಳನ್ನು ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ. ಬಸ್ಸು ಹೊರಡುವಾಗ ಕೊನೆಯ ಸಂಚಿಕೆ ಶೇಕಡ 80ರಲ್ಲಿದ್ದರೆ, ಊರು ದಾಟಿ ಸಿಗ್ನಲ್ ಕೈಬಿಡುವ ಮುನ್ನ ಅದು ತುಂಬಲೆಂದು ಕಿಟಕಿಯ ಪಕ್ಕ ಮೊಬೈಲು ಎತ್ತಿ ಹಿಡಿದಿರುತ್ತಾರೆ.