ಸೊನ್ನೆ ಅಂತ ಬರೆಯೋದು

ಶಹಾಪುರದ ನಮ್ಮ ಮನೆಯಲ್ಲಿ, ದೇವರ ಗೂಡಿನ ಪಕ್ಕ, ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಅಪ್ಪನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಏಜೆನ್ಸಿಯೊಂದರ ಮೂಲಕ ಒಬ್ಬ ಹೋಂ ನರ್ಸ್ ಹುಡುಗಿಯನ್ನು ಇಟ್ಟುಕೊಂಡಿದ್ದೆವು. ದಿನಾ ಬೆಳಿಗ್ಗೆ ಬಿಪಿ ನೋಡಬೇಕು, ನೋಟ್‌ಬುಕ್ಕಲ್ಲಿ ಬರೀಬೇಕು, ಆ ಪುಟದ ಫೋಟೋ ತೆಗೆದು ಬೆಂಗಳೂರಲ್ಲಿರೋ ನನಗೆ ವಾಟ್ಸಾಪ್ ಮಾಡಬೇಕು ಅಂತ ಮಾತಾಗಿತ್ತು. ಮೂರು ತಿಂಗಳು ಒಂದು ದಿನವೂ ತಪ್ಪದೆ ಫೋಟೋ ಬಂತು. ಸ್ಕೇಲಿನಿಂದ ಗೆರೆ ಎಳೆದ ಪುಟ, ಮುದ್ದಾದ ಅಕ್ಷರ. 120/80. 120/80. 120/80. ನಾನು ಆಫೀಸಿನ ಸ್ಟ್ಯಾಂಡಪ್ ಮೀಟಿಂಗಿನ ನಡುವೆ ಥಂಬ್ಸ್‌ಅಪ್ ಒತ್ತಿ ಮುಂದೆ ಹೋಗುತ್ತಿದ್ದೆ. ಹಾರ್ಟ್ ಎಮೋಜಿ ಕೂಡ ಒಂದೆರಡು ಸಲ ಕಳಿಸಿದ್ದೆ ಅನ್ನಿಸುತ್ತೆ.

ಆಮೇಲೆ ಅಪ್ಪನ ಸೊಂಟದ ಕೆಳಗೆ ಹಾಸಿಗೆ ಹುಣ್ಣು ಕಾಣಿಸಿಕೊಂಡಿತು. ಕಾಣಿಸಿಕೊಂಡಿತು ಅನ್ನೋದು ತಪ್ಪು, ನಮಗೆ ಗೊತ್ತಾಯಿತು. ಕಲಬುರಗಿಗೆ ಕರೆದುಕೊಂಡು ಹೋದೆವು. ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ: ಚರ್ಮ ಕೆಂಪಾಗಿದ್ದು ಯಾವತ್ತು? ದಿನಕ್ಕೆ ಎಷ್ಟು ಸಲ ಮಗ್ಗುಲು ಬದಲಿಸುತ್ತಿದ್ದಿರಿ? ನಾನು ದೊಡ್ಡ ಮನುಷ್ಯನ ಹಾಗೆ ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ಅದರಲ್ಲಿ ಎರಡಕ್ಕೂ ಉತ್ತರ ಇರಲಿಲ್ಲ. ಇನ್ನೊಂದು ವಿಷಯ ಇತ್ತು. ತಿಂಗಳ ಕೊನೆಯವರೆಗೂ ಬಿಪಿ ಮೊದಲೇ ತುಂಬಿ ಇಟ್ಟಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದ ನಾಲ್ಕೂ ದಿನ, ನೋಟ್‌ಬುಕ್ಕಿನ ಪ್ರಕಾರ, ಮನೆಯಲ್ಲಿ ಅವರ ಬಿಪಿ 120/80 ಇತ್ತು.

ಏಜೆನ್ಸಿಗೆ ಫೋನ್ ಮಾಡಿ ಕೂಗಾಡಿದೆ. ನಾವು ಜನ ಕಳಿಸ್ತೀವಿ ಸಾರ್, ಬರೆಯೋದು ಬಿಡೋದು ನೀವೂ ಅವರೂ ನೋಡ್ಕೋಬೇಕು ಅಂದರು.

ನಮ್ಮ ಸೋದರತ್ತೆ ನಿವೃತ್ತ ಎಎನ್ಎಂ. ಇದೇ ಶಹಾಪುರ, ಸುರಪುರ ತಾಲೂಕುಗಳ ಉಪಕೇಂದ್ರಗಳಲ್ಲಿ ಮೂವತ್ತು ವರ್ಷ ಮನೆಮನೆ ತಿರುಗಿದವಳು. ಊರ ಮಂದಿಗೆಲ್ಲ ಇವತ್ತಿಗೂ 'ಸಿಸ್ಟರ್'. ಅವಳಿಗೆ ನೋಟ್‌ಬುಕ್ ತೋರಿಸಿ, ಆ ಹುಡುಗಿ ಎಂಥ ಸುಳ್ಳಿ ನೋಡು ಅಂದೆ. ಅತ್ತೆ ಕನ್ನಡಕ ಏರಿಸಿಕೊಂಡು ಹಿಂದಿನಿಂದ ಮುಂದಕ್ಕೆ ಪುಟ ತಿರುವಿದಳು. 'ಸುಳ್ಳ ಬರದಾಳ, ಖರೇ. ಆದ್ರ ನೀ ದಿನಾ ಏನ್ ಕೇಳ್ತಿದ್ದಿ?' ಅಂದಳು. ಅಪ್ಪ ಆರಾಮ ಇದ್ದಾರಾ ಅಂತ, ಅಂದೆ. 'ಆರಾಮ ಅದಾರ ಅಂತ ಬರದಾಳ. ಮಗ್ಗುಲಾ ಎಷ್ಟ ಸಲ ತಿರುವಿದಿ ಅಂತ ಕೇಳಿದ್ದೇನು? ಎರಡೂ ತಾಸಿಗೊಮ್ಮೆ ತಿರುವಬೇಕು. ಅದಕ್ಕ ಒಂದ್ ಗೆರಿನೂ ಇಲ್ಲ ಇದ್ರಾಗ.'

ನನಗೆ ಸಿಟ್ಟು ಬಂತು. ಅದು ಬೇರೆ ವಿಷಯ. ಆದರೆ ಆಮೇಲೆ ಫ್ಲಾರೆನ್ಸ್ ನೈಟಿಂಗೇಲ್ ಓದುವಾಗ ಅತ್ತೆ ನೆನಪಾದಳು. ನೈಟಿಂಗೇಲ್ ಅಂದರೆ ನಮಗೆ ದೀಪ ಹಿಡಿದ ಚಿತ್ರ ಅಷ್ಟೇ. 1860ರ ಸುಮಾರಿಗೆ ಬಂದ ಅವರ 'ನೋಟ್ಸ್ ಆನ್ ನರ್ಸಿಂಗ್' ಮೂಲತಃ ಬರೆದದ್ದು ಆಸ್ಪತ್ರೆಯ ನರ್ಸುಗಳಿಗಲ್ಲ, ಮನೆಯಲ್ಲಿ ರೋಗಿ ನೋಡಿಕೊಳ್ಳುವ ಹೆಂಗಸರಿಗೆ. ಅದರಲ್ಲಿ ರೋಗಿಯನ್ನು ಗಮನಿಸೋದು ಹೇಗೆ ಅಂತಲೇ ಒಂದು ಅಧ್ಯಾಯ ಇದೆ. ರಾತ್ರಿ ಚೆನ್ನಾಗಿ ನಿದ್ದೆ ಬಂತಾ ಅಂತ ಕೇಳಬೇಡಿ, ಎಷ್ಟು ತಾಸು ನಿದ್ದೆ ಬಂತು, ಯಾವ ಹೊತ್ತಿನಲ್ಲಿ ಬಂತು ಅಂತ ಕೇಳಿ ಅನ್ನೋದು ಅಲ್ಲಿಯ ತಕರಾರಿನ ಸಾರ. ಉತ್ತರವನ್ನು ಒಳಗಿಟ್ಟುಕೊಂಡು ಕೇಳಿದ ಪ್ರಶ್ನೆಗೆ ಅದೇ ಉತ್ತರ ವಾಪಸ್ ಬರುತ್ತೆ. ನೂರಾ ಅರವತ್ತು ವರ್ಷದ ಹಿಂದಿನ ಆ ಅಧ್ಯಾಯದಲ್ಲಿ ನನ್ನ ವಾಟ್ಸಾಪ್ ಚಾಟ್ ಇತ್ತು.

ನಮ್ಮ ಕಡೆಯ ಇತಿಹಾಸ ಅಂದರೆ ಎಲ್ಲರೂ ಸುರಪುರದ ನಾಯಕರು, ಮೆಡೋಸ್ ಟೇಲರ್ ಅಂತ ಶುರು ಮಾಡುತ್ತಾರೆ. ಟೇಲರ್ ರಾಜನಕೋಳೂರು, ವಿಭೂತಿಹಳ್ಳಿಯ ಪ್ರಾಚೀನ ಕಲ್ಲುಗಳ ಬಗ್ಗೆ ಬರೆದಿಟ್ಟಿದ್ದರಿಂದ ಅವು ಇತಿಹಾಸದ ಲೆಕ್ಕಕ್ಕೆ ಸೇರಿದವು. ನಮ್ಮತ್ತೆ ಬರೆದ ರಿಜಿಸ್ಟರುಗಳು ಮಾತ್ರ ಉಪಕೇಂದ್ರದ ಟ್ರಂಕಿನಲ್ಲಿ ಗೆದ್ದಲಿಗೆ ಹೋದವು. ಅವಳ ಹತ್ತಿರ ಉಳಿದಿರೋದು ಒಂದಷ್ಟು ಪಾಕೆಟ್ ಡೈರಿ ಮಾತ್ರ. ಅದರಲ್ಲಿ ಅವಳು ಎಲ್ಲಕ್ಕಿಂತ ಹೆಮ್ಮೆಯಿಂದ ತೋರಿಸಿದ್ದು ಒಂದು ಸಾಲು ಸೊನ್ನೆಗಳನ್ನು.

ಅದು ನಾರುಹುಣ್ಣಿನ ಕತೆ. ನಿಮ್ಮಲ್ಲಿ ಬಹಳ ಮಂದಿ ಆ ಹೆಸರೇ ಕೇಳಿರಲಿಕ್ಕಿಲ್ಲ, ಕೇಳದೇ ಇರೋದೇ ಆ ಕೆಲಸದ ಫಲ. ಮೆಟ್ಟಿಲುಬಾವಿಯ ನೀರಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಸೈಕ್ಲಾಪ್ಸ್ ಹುಳ ಇರುತ್ತೆ, ಅದರೊಳಗೆ ನಾರುಹುಳದ ಮರಿ. ಸೋಸದೆ ನೀರು ಕುಡಿದರೆ ಮರಿ ಹೊಟ್ಟೆ ಸೇರಿ, ಸುಮಾರು ಒಂದು ವರ್ಷದ ಮೇಲೆ, ಮೊಳಕ್ಕಿಂತ ಉದ್ದದ ದಾರದಂಥ ಹುಳವಾಗಿ ಕಾಲಿನ ಗುಳ್ಳೆ ಒಡೆದು ಹೊರಗೆ ಬರುತ್ತೆ. ಔಷಧಿ ಇಲ್ಲ, ಲಸಿಕೆ ಇಲ್ಲ. ಸಣ್ಣ ಕಡ್ಡಿಗೆ ಸುತ್ತುತ್ತಾ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯಬೇಕು, ಅವಸರ ಮಾಡಿದರೆ ಒಳಗೇ ತುಂಡಾಗಿ ಕೀವು. ಉರಿ ತಾಳಲಾರದೆ ರೋಗಿ ಅದೇ ಬಾವಿಗೆ ಇಳಿದು ಕಾಲು ಅದ್ದಿದರೆ ಸಾವಿರಾರು ಮರಿ ಮತ್ತೆ ನೀರಿಗೆ. ಆದ್ದರಿಂದ ಆರೈಕೆ ಪೂರಾ ಮನೆಯಲ್ಲೇ: ಹುಣ್ಣು ತೊಳೆಯೋದು, ಬ್ಯಾಂಡೇಜ್ ಕಟ್ಟೋದು, ಬಾವಿಗೆ ಇಳಿಯದ ಹಾಗೆ ನೋಡಿಕೊಳ್ಳೋದು, ಬರೆದುಕೊಳ್ಳೋದು.

ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾಗಿದ್ದು 1983-84ರಲ್ಲಿ. ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳು ಸಿಕ್ಕರು, ಕರ್ನಾಟಕವೂ ಆ ಏಳರಲ್ಲಿ ಒಂದು. ಯಾದಗಿರಿ ಆಗಿನ್ನೂ ಜಿಲ್ಲೆಯಲ್ಲ, 2010ರವರೆಗೂ ನಾವು ಗುಲ್ಬರ್ಗಾದವರೇ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಅತ್ತೆಯ ಪಾಲಿಗೆ ಬಂದದ್ದು ಮನೆಮನೆ ಹುಡುಕಾಟ. ಹುಳದ ಚಿತ್ರ ಇರೋ ಕಾರ್ಡ್ ಹಿಡಿದುಕೊಂಡು, 'ಇಂಥಾದ್ದು ಯಾರಿಗರ ಬಂದದ ಏನವಾ?' ಅಂತ ಕೇಳೋದು. ಹುಡುಕಾಟ ವರ್ಷಕ್ಕೆ ಒಂದಲ್ಲ, ಮತ್ತೆ ಮತ್ತೆ. ಬಾವಿಗೆ ಟೆಮಿಫಾಸ್ ಹಾಕಿದರು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿ ಮಾಡಿದರು, ನೀರು ಸೋಸಲು ಬಟ್ಟೆ ಕೊಟ್ಟರು. ಅಂಕಿ ಇಳಿಯುತ್ತಾ ಬಂತು.

ಕಷ್ಟದ ಭಾಗ ಅಂಕಿ ಸೊನ್ನೆ ಆದ ಮೇಲೆ ಶುರುವಾಯಿತು. ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣು ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿದ್ದು 2000ದ ಫೆಬ್ರುವರಿಯಲ್ಲಿ. ನಡುವಿನ ಮೂರೂವರೆ ವರ್ಷ ಏನು ಮಾಡಿದರು? ಹುಡುಕಿದರು, ಇಲ್ಲ ಅಂತ ಬರೆದರು. ಬಾಯಿಮಾತಿನ ಸುದ್ದಿ ಬಂದರೂ ಹೋಗಿ ನೋಡಿ ಬರೆಯಬೇಕಿತ್ತು. ಯಾಕಂದರೆ ಮೇಲಿನಿಂದ ನೋಡುವವರಿಗೆ ಖಾಲಿ ಜಾಗ ಅಂದರೆ ಎರಡರ್ಥ. ರೋಗ ಇಲ್ಲ, ಇಲ್ಲವೇ ನರ್ಸ್ ಆ ಊರಿಗೆ ಹೋಗೇ ಇಲ್ಲ. ಸೊನ್ನೆಗೆ ಮಾತ್ರ ಒಂದೇ ಅರ್ಥ: ಹೋಗಿದ್ದೆ, ನೋಡಿದ್ದೆ, ಇರಲಿಲ್ಲ, ಇದು ನನ್ನ ಸಹಿ. ಇವತ್ತು ಬಿಸಿಲು ಅಂತ ಗಿಡದ ಕೆಳಗೆ ಕೂತು ಬರೆದ ಸೊನ್ನೆ ಸುಳ್ಳಾಗಿದ್ದರೆ ಅದು ಬಯಲಾಗೋದು ಒಂದು ವರ್ಷ ಬಿಟ್ಟು, ಇನ್ಯಾರದೋ ಮಗುವಿನ ಕಾಲಲ್ಲಿ. 'ಅಂಜಿಕಿ ಇತ್ತು ನೋಡು. ರೋಗಿ ಸಿಕ್ಕಿದ್ರ ಬೈತಾರ ಅಂತಲ್ಲ. ತಪ್ಪಿಸಿಕೊಂಡ್ರ ಅಂತ,' ಅಂದಳು ಅತ್ತೆ.

ಇಷ್ಟು ಹೇಳಿ ಅವಳನ್ನು ಸಂತಳನ್ನಾಗಿ ಮಾಡಿಬಿಟ್ಟರೆ ಅವಳೇ ನಗುತ್ತಾಳೆ. ಯಾಕಂದರೆ ಅದೇ ಡೈರಿಗಳ ಕಾಲದಲ್ಲಿ ಇನ್ನೊಂದು ರಿಜಿಸ್ಟರ್ ಇತ್ತು, ಕುಟುಂಬ ಯೋಜನೆಯದು. ಅದಕ್ಕೆ ಟಾರ್ಗೆಟ್ ಇತ್ತು. ತಿಂಗಳಿಗೆ ಇಷ್ಟು ಕೇಸು, ಇಲ್ಲದಿದ್ದರೆ ಮೀಟಿಂಗಿನಲ್ಲಿ ಎಲ್ಲರೆದುರು ಮರ್ಯಾದೆ ಹರಾಜು. ಆ ರಿಜಿಸ್ಟರಿನಲ್ಲಿ ಬರೆದದ್ದೆಲ್ಲ ಖರೇನಾ ಅಂತ ಕೇಳಿದೆ. ಅತ್ತೆ ಎದ್ದು ಚಹಾ ಮಾಡಲು ಹೋದಳು. ಕೇಂದ್ರ ಸರ್ಕಾರ ಆ ಟಾರ್ಗೆಟ್ ಪದ್ಧತಿಯನ್ನು ದೇಶಾದ್ಯಂತ ಕೈಬಿಟ್ಟದ್ದು 1996ರ ಏಪ್ರಿಲ್‌ನಲ್ಲಿ, ಕೊನೆಯ ನಾರುಹುಣ್ಣಿನ ರೋಗಿ ಸಿಕ್ಕ ವರ್ಷವೇ. ಒಂದೇ ಕೈ, ಒಂದೇ ಪೆನ್ನು, ಎರಡು ರಿಜಿಸ್ಟರ್. ಒಂದನ್ನು ಓದುವವರು ನಿಜವಾಗಿ ಏನಾಗಿದೆ ಅಂತ ತಿಳಿಯಬೇಕಿತ್ತು, ಇನ್ನೊಂದನ್ನು ಓದುವವರಿಗೆ ಅಂಕಿ ಸಾಕಿತ್ತು. ನಾನು ಯಾವ ಗುಂಪಿನ ಓದುಗ ಅಂತ ಆ ಚಹಾ ಕುಡಿಯುವಾಗ ನನಗೆ ಗೊತ್ತಾಗಿತ್ತು. ಹೇಳಲಿಲ್ಲ.

ಈಗಿನ ರಿಜಿಸ್ಟರ್ ಫೋನಿನಲ್ಲಿದೆ. ಕೂಸು ಹುಟ್ಟಿದ ಮೇಲೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಬೇಕು, ತೂಕ ನೋಡಬೇಕು, ಮೈ ಬಿಸಿ ನೋಡಬೇಕು, ಬರೀಬೇಕು. 2011ರಿಂದ ಜಾರಿಯಲ್ಲಿರೋ ಈ ಪದ್ಧತಿಯ ಬೇರು ಗಡಚಿರೋಲಿಯಲ್ಲಿ, ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿ ಹೆಂಗಸರನ್ನೇ ತರಬೇತು ಮಾಡಿ ನಡೆಸಿದ ಪ್ರಯೋಗದಲ್ಲಿದೆ. ಮಾಡಿದ ಕೆಲಸಕ್ಕೆ ದುಡ್ಡು ಪೋರ್ಟಲಿನ ಲೆಕ್ಕದ ಪ್ರಕಾರ. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕೂತ ಆಶಾ ಕಾರ್ಯಕರ್ತೆಯರನ್ನು ನೀವೂ ಮೆಟ್ರೋಗೆ ಹೋಗುವಾಗ ನೋಡಿರಬಹುದು. ಅವರ ಒಂದು ದೊಡ್ಡ ದೂರು ಇದೇ ಆಗಿತ್ತು: ಕೆಲಸ ಆಗಿದೆ, ಪೋರ್ಟಲಿಗೆ ಏರಿಲ್ಲ, ಹಾಗಾಗಿ ದುಡ್ಡಿಲ್ಲ. ಬರೆಯದ ಕೆಲಸ ಆಗೇ ಇಲ್ಲ ಅನ್ನೋ ಮಾತು ನರ್ಸಿಂಗ್ ಕಾಲೇಜಿನಲ್ಲಿ ಶಿಸ್ತಿನ ಪಾಠ. ಇಲ್ಲಿ ಅದು ಹೊಟ್ಟೆಯ ಮೇಲೆ ಹೊಡೆಯುತ್ತೆ.

ಇದಕ್ಕೆಲ್ಲ ಕಾನೂನು ಇಲ್ಲವಾ ಅಂತ ನಾನೂ ಹುಡುಕಿದೆ. 2002ರ ವೈದ್ಯಕೀಯ ನೀತಿಸಂಹಿತೆಯ ನಿಯಮಗಳ ಪ್ರಕಾರ ಡಾಕ್ಟರು ರೋಗಿಯ ದಾಖಲೆ ಮೂರು ವರ್ಷ ಇಟ್ಟುಕೊಳ್ಳಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಖುಷಿಯಾಯಿತು. ಮತ್ತೆ ಓದಿದೆ. ಮೂರು ವರ್ಷದ ಆ ಮಾತು ಇರೋದು ಒಳರೋಗಿಗಳ ದಾಖಲೆಗೆ. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ನಾಲ್ಕು ದಿನ ಅಪ್ಪನಿಗೆ ಆ ರಕ್ಷಣೆ ಇತ್ತು. ಮನೆಯ ಹಾಸಿಗೆಯಲ್ಲಿದ್ದ ಮೂರು ತಿಂಗಳಿಗೆ ಇದ್ದದ್ದು ಇನ್ನೂರು ಪುಟದ ನೋಟ್‌ಬುಕ್. ಕೋಣೆಯಲ್ಲಿ ಇನ್ನೊಬ್ಬ ನರ್ಸ್ ಇಲ್ಲ, ರೌಂಡ್ಸಿಗೆ ಬರುವ ಡಾಕ್ಟರಿಲ್ಲ. ಅಪ್ಪನಿಗೆ ಮಾತು ಹೋಗಿದೆ.

ನಮ್ಮ ಜಿಲ್ಲೆಯಲ್ಲಿ ಓದೋರಿಲ್ಲ ಅನ್ನೋದೂ ಒಂದು ಸಂಗತಿ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಹೆಂಗಸರದು ಇನ್ನೂ ಕಡಿಮೆ. ಹಾಗಿದ್ದರೂ ತಾಯಿ ಕಾರ್ಡ್ ನೋಡಿ. ಗುಳೆ ಹೊರಟು ಬೆಂಗಳೂರಿನ ನಿಮ್ಮ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿಗೆ ಬರುವ ನಮ್ಮೂರ ಬಸುರಿ, ತನಗೆ ಓದಲು ಬಾರದ ಆ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀರೆಗಳ ನಡುವೆ ಇಟ್ಟುಕೊಂಡು ತರುತ್ತಾಳೆ. ಹೊಸ ಊರಿನ ಹೊಸ ಸಿಸ್ಟರ್ ಅದನ್ನು ಬಿಚ್ಚಿ ಓದಿದರೆ ಶಹಾಪುರದ ಸಿಸ್ಟರ್ ಯಾವ ಚುಚ್ಚುಮದ್ದು ಎಂದು ಕೊಟ್ಟಳು ಅಂತ ತಿಳಿಯುತ್ತೆ. ಮೇಲಿನ ಆಫೀಸಿಗೆ ಹೋಗದೆ ರೋಗಿಯ ಜೊತೆಗೇ ಉಳಿಯುವ ದಾಖಲೆ ಅದು. ನನ್ನ ನೋಟ್‌ಬುಕ್ ಮನೆಯಲ್ಲೇ ಇದ್ದರೂ, ಬರೆದದ್ದು ಮಾತ್ರ ನನಗೆ, ಆಫೀಸಿಗೆ ಬರೆದ ಹಾಗೆ.

ಆ ಹುಡುಗಿಯನ್ನು ಬಿಡಿಸಿ ಕಳಿಸಲು ಹೊರಟಿದ್ದೆ. ಅತ್ತೆ ಬೇಡ ಅಂದಳು. ಅಪ್ಪನ ಬಾಯಿ ಒರೆಸುವಾಗ, ಅನ್ನ ಉಣಿಸುವಾಗ ಆಕೆ ತೋರಿಸುತ್ತಿದ್ದ ತಾಳ್ಮೆ ಅವಳು ನೋಡಿದ್ದಳು. ಬಿಪಿ ಯಂತ್ರದ ಪಟ್ಟಿ ಸರಿಯಾಗಿ ಕಟ್ಟೋದನ್ನು ಏಜೆನ್ಸಿಯವರು ಆಕೆಗೆ ಕಲಿಸೇ ಇರಲಿಲ್ಲ ಅನ್ನೋದೂ ಆಮೇಲೆ ಹೊರಗೆ ಬಂತು. ಕೇಳಲು ನಾಚಿಕೆ, ಬರೆಯದಿದ್ದರೆ ಕೆಲಸ ಹೋಗುವ ಭಯ. ಇದರಿಂದ ನನ್ನ ಸಿಟ್ಟು ಪೂರ್ತಿ ಇಳಿಯಿತು ಅಂದರೆ ಸುಳ್ಳು. ಹುಣ್ಣು ಮಾಯಲು ಹನ್ನೊಂದು ವಾರ ಬೇಕಾಯಿತು.

ಅತ್ತೆ ಹದಿನೈದು ದಿನ ನಮ್ಮನೆಯಲ್ಲೇ ಇದ್ದು ಆಕೆಗೆ ಕಲಿಸಿದಳು. ಹೊಸ ನೋಟ್‌ಬುಕ್ಕಿಗೆ ತಾನೇ ಗೆರೆ ಎಳೆದಳು: ಹೊತ್ತು, ಯಾವ ಮಗ್ಗುಲು, ಬೆನ್ನು ಸೊಂಟ ಹಿಮ್ಮಡಿ ನೋಡಿದ್ದು, ಉಂಡದ್ದು, ಸಹಿ. ನನಗೆ ಫೋಟೋ ಕಳಿಸೋದು ನಿಂತಿದೆ. ಬದಲಿಗೆ ಭಾನುವಾರ ಫೋನ್ ಮಾಡಿ ಇಬ್ಬರೂ ಪುಟ ತೆರೆದು ಕೂರುತ್ತೇವೆ, ಆಕೆ ಓದುತ್ತಾಳೆ, ನಾನು ಕೇಳುತ್ತೇನೆ. ಕಾಟು ಹೊಡೆದದ್ದಿದೆ, ಚಹಾದ ಕಲೆ ಇದೆ. ಹೋದ ವಾರ ಮಂಗಳವಾರದ ಬಿಪಿ ಕಾಲಂಗೆ ಬಂದಾಗ ಸ್ವಲ್ಪ ತಡೆದು ಓದಿದಳು: 'ಮಷಿನ್ ಸೆಲ್ ಮುಗಿದಿತ್ತು. ನೋಡಿಲ್ಲ.' ಕೆಳಗೆ ಸಹಿ ಇತ್ತಂತೆ. ನಾಲ್ಕು ಸೆಲ್ ಆರ್ಡರ್ ಮಾಡಿದೆ, ಶಹಾಪುರಕ್ಕೆ ಮೂರು ದಿನ ಆಗುತ್ತೆ ಅಂತ ತೋರಿಸ್ತು.